ಅದೇ ಬಾವಿಗೆ

ಇಚಲಕರಂಜಿಯ ಆ ಗಲ್ಲಿಯಲ್ಲಿ ಮಾಣಿಕಬಾಯಿಗೆ ಸೊಕ್ಕು ಎಂದು ಅನ್ನದೆ ಉಳಿದವರು ಇಬ್ಬರೇ. ಒಬ್ಬರು ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆ ಪದ್ಮಕುಮಾರ, ಇನ್ನೊಂದು ಬಸದಿಯ ಹಿಂದಿನ ಬಾವಿ. ಬಾವಿಗೆ ಮಾತು ಬಾರದು, ಪದ್ಮಕುಮಾರರಿಗೆ ಪುರುಸೊತ್ತಿಲ್ಲ. ಉಳಿದ ಶ್ರಾವಕ ಶ್ರಾವಕಿಯರೆಲ್ಲ ಒಂದಲ್ಲ ಒಂದು ಸಲ ಅಂದವರೇ.

ಅನ್ನದೆ ಏನು ಮಾಡಿಯಾರು? ಎದುರಿಗೆ ಸಿಕ್ಕರೆ ಅರ್ಧ ನಕ್ಕು, ಸೆರಗು ಸರಿಮಾಡಿಕೊಳ್ಳುತ್ತ ದಾಟಿಹೋಗುವ ಹೆಂಗಸು. ಮದುವೆಗೆ ಕರೆದರೆ ಬರುತ್ತಾಳೆ, ಅಕ್ಷತೆ ಹಾಕುತ್ತಾಳೆ, ಊಟದ ಪಂಕ್ತಿ ಕೂಡುವ ಹೊತ್ತಿಗೆ ನೋಡಿದರೆ ಇಲ್ಲ. ಮಹಿಳಾ ಮಂಡಳದ ಭಜನೆಯಲ್ಲಿ ಕಂಬದ ಹಿಂದೆ ಕೂತು ತುಟಿಯಷ್ಟೇ ಆಡಿಸುತ್ತಾಳೆ. ದಶಲಕ್ಷಣ ಪರ್ವದ ಹತ್ತು ದಿನ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ಅಂದು ಇಡೀ ಸಮಾಜ ಒಬ್ಬರಿಗೊಬ್ಬರು ಕೈಮುಗಿದು, ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳಿಕೊಳ್ಳುತ್ತದೆ. ಅಂಥ ದಿನವೂ ಇವಳು ಬಾಗಿಲ ಬಳಿ ಸಿಕ್ಕ ಮೂವರಿಗೆ ಕೈಮುಗಿದು ಮನೆ ಸೇರಿಬಿಡುತ್ತಾಳೆ. ಇದಕ್ಕೆ ಸೊಕ್ಕು ಎನ್ನದೆ ಮತ್ತೇನನ್ನುವುದು ಎಂಬುದು ಗಲ್ಲಿಯ ವಾದ.

ಗಲ್ಲಿಗೆ ಗೊತ್ತಿಲ್ಲದ ಸಂಗತಿ ಬೇರೆಯೇ ಇತ್ತು. ಮಾಣಿಕಬಾಯಿಗೆ ಮಂದಿ ಬೇಡವಾಗಿರಲಿಲ್ಲ. ಮಂದಿ ಗುಂಪಾಗಿ ಬಂದರೆ ಮಾತ್ರ ಅವಳ ನಾಲಿಗೆ ಏಳುತ್ತಿರಲಿಲ್ಲ. ಬೆಳಗ್ಗೆ ಯಾರೋ "ಆರಾಮ ಅದೀರಿ?" ಎಂದು ಕೇಳಿದ್ದಕ್ಕೆ ಕೊಡಬೇಕಾದ ಉತ್ತರ ಮಧ್ಯಾಹ್ನ ನಾಲ್ಕಕ್ಕೆ, ಕಾಂಡಿ ಮಷೀನಿನ ಮುಂದೆ ಕೂತಾಗ, ಚೆಂದವಾಗಿ ಹೊಂದಿಕೊಂಡು ಬರುತ್ತಿತ್ತು. ಮಗ್ಗದ ಲಾಳಿಯೊಳಗೆ ಕೂರುವ ಕಾಂಡಿಗಳಿಗೆ ನೂಲು ಸುತ್ತುವುದು ಅವಳ ಕೆಲಸ. ತೀರಿಹೋದ ಗಂಡನ ನಾಲ್ಕು ಮಗ್ಗಗಳನ್ನು ಗೋಡೆಯಾಚೆ ಈಗ ಜಮಖಂಡಿ ಕಡೆಯ ಹಾಲಸಿದ್ದ ಓಡಿಸುತ್ತಿದ್ದ. ಆ ಖಟಖಟದಲ್ಲಿ ಯಾರಿಗೂ ಕೇಳಿಸದೆಂಬ ಧೈರ್ಯದಿಂದ ಅವಳು ಬೆಳಗಿನ ಉತ್ತರವನ್ನು ಗಟ್ಟಿಯಾಗಿ ಹೇಳುತ್ತಿದ್ದಳು. "ಆರಾಮ ಅದೇನ್ರಿ. ನಿಮ್ಮ ಮೊಣಕಾಲ ಬ್ಯಾನಿ ಹ್ಯಾಂಗ ಐತಿ? ಒಳಗ ಬರ್ರಿ, ಚಹಾ ಮಾಡ್ತೇನಿ."

ಗಂಡ ಹೋಗಿ ಹನ್ನೊಂದು ವರ್ಷ. ಆ ಚಹಾಕ್ಕೆ ಯಾರೂ ಬಂದಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲವಾದ್ದರಿಂದ ಅವಳು ಇಳಿಬಿಸಿಲಿನಲ್ಲೇ ಒಂದು ತಟ್ಟೆ ಹಾಕಿಕೊಂಡು ಕೂರುತ್ತಿದ್ದಳು. ಉಂಡು, ತಟ್ಟೆ ತೊಳೆದು, ಬಾಗಿಲಿಗೆ ಬಂದು ನಿಂತರೂ ಇನ್ನೂ ಬೆಳಕಿರುತ್ತಿತ್ತು.

ಅವಳನ್ನು ಸಮಾಜಕ್ಕೆ ಹಿಡಿದಿಟ್ಟಿದ್ದು ಒಂದೇ ಕೆಲಸ, ಅಭಿಷೇಕದ ನೀರು. ಬೆಳಗ್ಗೆ ಐದಕ್ಕೆ ಮಡಿಯುಟ್ಟು ಬಾವಿಯಿಂದ ನೀರು ಸೇದಬೇಕು, ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಸೋಸಬೇಕು. ಸೋಸಿದರೆ ಮುಗಿಯಲಿಲ್ಲ. ಬಟ್ಟೆಯಲ್ಲಿ ಉಳಿದದ್ದು ಕಸವಲ್ಲ, ಕಣ್ಣಿಗೆ ಕಾಣದ ಜೀವಗಳು, ಜೀವಾಣಿ ಎನ್ನುತ್ತಾರೆ. ಬಟ್ಟೆಯನ್ನು ಮಗುಚಿ ಹಿಡಿದು, ಸೋಸಿದ ನೀರನ್ನೇ ಮೆಲ್ಲಗೆ ಹಾಕಿ ತೊಳೆದು, ಆ ನೀರನ್ನು ತಳದಲ್ಲಿ ಕೊಂಡಿಯಿರುವ ಪುಟ್ಟ ಹಿತ್ತಾಳೆ ಬಕೀಟಿಗೆ ತುಂಬಿ, ಹಗ್ಗದಿಂದ ಬಾವಿಯ ನೀರು ಮುಟ್ಟುವ ತನಕ ಇಳಿಸಿ, ತಳದ ಕೊಂಡಿಗೆ ಕಟ್ಟಿದ ಇನ್ನೊಂದು ಹಗ್ಗ ಜಗ್ಗಿ ಅಲ್ಲಿ ಬೋರಲು ಮಾಡಬೇಕು. ಮೇಲಿನಿಂದ ಸುರಿದರೆ ಬಿದ್ದ ಪೆಟ್ಟಿಗೆ ಸಾಯುತ್ತವೆ. ಬೇರೆ ನೀರಿಗೆ ಬಿಟ್ಟರೂ ಬದುಕುವುದಿಲ್ಲ. ಯಾವ ಬಾವಿಯವೋ ಆ ಬಾವಿಗೇ ಮರಳಬೇಕು.

ಇಪ್ಪತ್ತೆರಡು ವರ್ಷದಿಂದ ಇದು ಮಾಣಿಕಬಾಯಿಯ ಪಾಲಿನದು. ಅವಳು ಮುಗಿಸುವ ಹೊತ್ತಿಗೆ ಪದ್ಮಕುಮಾರ ಬಂದು "ಆತೇನ್ರಿ ಅಕ್ಕಾರ?" ಅನ್ನುತ್ತಿದ್ದರು, ಅವಳು "ಹೂಂ" ಅನ್ನುತ್ತಿದ್ದಳು. ದಿನದ ಮಾತುಕತೆ ಅಷ್ಟೇ. ಅಭಿಷೇಕವಾಗಿ ಎಲ್ಲರೂ ಗಂಧೋದಕವನ್ನು ಹಣೆಗೆ ಹಚ್ಚಿಕೊಳ್ಳುವಾಗ ಅವಳು ಕಂಬದ ಹಿಂದಿನಿಂದ ನೋಡುತ್ತ, ಇವರೆಲ್ಲರ ಹಣೆಯ ಮೇಲೂ ನಾನು ಸೇದಿದ ನೀರಿದೆ ಎಂದುಕೊಳ್ಳುತ್ತಿದ್ದಳು. ಅದು ಸಾಕಾಗುತ್ತಿತ್ತು ಎಂದರೆ ಸುಳ್ಳಾದೀತು. ಆದರೆ ಅದರ ಆಧಾರದ ಮೇಲೆ ದಿನ ಹೋಗುತ್ತಿತ್ತು.

ಈ ವರ್ಷ ಶ್ರಾವಣದಲ್ಲಿ ರುಪಾಲಿ ಮಂಡಳದ ಅಧ್ಯಕ್ಷೆಯಾದಳು. ನಲವತ್ತರ ಹೆಣ್ಣು, ಕೊಲ್ಹಾಪುರದ ಹದಿನಾರು ಮಂದಿಯ ಮನೆಯಲ್ಲಿ ಹುಟ್ಟಿ ಬೆಳೆದವಳು. ಅವಳು ಗಲ್ಲಿಯ ತಿರುವಿನಲ್ಲಿದ್ದರೆ ಬಸದಿಯೊಳಗಿದ್ದವರಿಗೆ ಗೊತ್ತಾಗುತ್ತಿತ್ತು. ಅಧ್ಯಕ್ಷೆಯಾದ ವಾರದಲ್ಲೇ ವಾಟ್ಸಾಪ್ ಗುಂಪು, ಎಲ್ಲರಿಗೂ ಒಂದೇ ಬಣ್ಣದ ಸೀರೆ, ಯಾರ ಮನೆಯಲ್ಲಿ ಯಾರಿಗೆ ಜ್ವರ ಎಂಬ ವಿಚಾರಣೆ. ಮನಸ್ಸು ಬೆಣ್ಣೆ. ಯಾರಾದರೂ ಒಂಟಿಯಾಗಿ ಕೂತಿದ್ದು ಕಂಡರೆ ಅವಳು ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು. ಹೀಗಿರುವಾಗ ಮಾಣಿಕಬಾಯಿ ಅವಳ ಕಣ್ಣಿಗೆ ಬೀಳದೆ ಇರುತ್ತಾಳೆಯೇ?

ಪರ್ವಕ್ಕೆ ಎಂಟು ದಿನವಿರುವಾಗ ರುಪಾಲಿ ಐವರು ಹೆಂಗಸರನ್ನು ಕರೆದುಕೊಂಡು ಮಾಣಿಕಬಾಯಿಯ ಬಾಗಿಲಿಗೆ ಬಂದಳು.

"ಕಾಕೂ, ಇಷ್ಟ ವರ್ಷ ಒಬ್ಬಾಕಿನ ಹೆಣಗ್ಯಾಡೀರಿ. ನಮಗ ನಾಚಿಕಿ ಬರಬೇಕು. ಇನ್ನ ಮ್ಯಾಲ ನೀರಿನ ಕೆಲಸಾ ಪಾಳಿ ಮ್ಯಾಲ ಮಾಡ್ತೇವಿ. ದಿನಾ ನಾಕ ಮಂದಿ. ನೀವು ಆರಾಮ ಬಂದು ನಮ್ಮ ಜೋಡಿ ಹಾಡಾಕ ಕುಂದರ್ರಿ."

ಮಾಣಿಕಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆರು ಜೊತೆ ಕಣ್ಣು ತನ್ನ ಮೇಲೆ.

"ಮತ್ತ ಕ್ಷಮಾವಣಿ ದಿನ ನಿಮಗ ಶಾಲು ಹೊಚ್ಚಿ ಸತ್ಕಾರ ಮಾಡಾವ್ರು ನಾವು. ಎರಡ ಮಾತ ಆಡ್ರಿ ಸಾಕು. ಆಗಬಹುದಲ್ರಿ?"

"ಹೂಂ," ಎಂದಳು ಮಾಣಿಕಬಾಯಿ.

ಇಪ್ಪತ್ತೆರಡು ವರ್ಷ ಪದ್ಮಕುಮಾರರಿಗೆ ಹೇಳಿದ ಅದೇ ಹೂಂ. ಅದನ್ನು ರುಪಾಲಿ ಸಂತೋಷವೆಂದು ತಿಳಿದು, ಅವಳನ್ನು ತಬ್ಬಿಕೊಂಡು ಹೋದಳು. ಒಳಗೆ ಬಂದು ಮಾಣಿಕಬಾಯಿ ಮಷೀನು ಹಚ್ಚಿದಳು. "ಬ್ಯಾಡ್ರಿ. ನನ್ನ ಕಡಿಂದ ಅದನ್ನ ಕಸಕೊಬ್ಯಾಡ್ರಿ. ನನಗ ಅದೊಂದ ಐತಿ," ಎಂದಳು ಕಾಂಡಿಗೆ. ಕಾಂಡಿ ತಿರುಗಿತು.

ಪರ್ವದ ಮೊದಲ ದಿನ ಕೆಲಸವಿಲ್ಲದಿದ್ದರೂ ನಾಲ್ಕೂವರೆಗೇ ಎಚ್ಚರವಾಯಿತು. ಹೋದಳು. ಬಾವಿಕಟ್ಟೆಯಲ್ಲಿ ನಾಲ್ವರು ಹೆಂಗಸರು, ಅವರ ನಡುವೆ ರುಪಾಲಿ. ನಗು, ಮಾತು, ಯಾರದೋ ಸೊಸೆಯ ಸುದ್ದಿ. ನೀರನ್ನು ಸರಿಯಾಗಿಯೇ ಸೋಸಿದರು. ಆಮೇಲೆ ಅವರಲ್ಲೊಬ್ಬಳು ಮಾತಿನ ಭರದಲ್ಲಿ ಆ ಬಟ್ಟೆಯನ್ನು ಗೋಡೆಯ ನಳದ ಕೆಳಗೆ ಹಿಡಿದು ಗಸಗಸ ತಿಕ್ಕಿ ಹಿಂಡಿದಳು. ನೀರು ಗಟಾರಕ್ಕೆ ಹೋಯಿತು. ಹಿತ್ತಾಳೆ ಬಕೀಟು ಮೊಳೆಗೆ ತೂಗುಬಿದ್ದೇ ಇತ್ತು.

ಅವರಿಗೆ ಗೊತ್ತಿಲ್ಲವೆಂದಲ್ಲ. ಚಿಕ್ಕಂದಿನಲ್ಲಿ ಅಜ್ಜಿಯರು ಮಾಡುವುದನ್ನು ಕಂಡವರೇ. ಮನೆಗೆ ನಳ ಬಂದ ಮೇಲೆ ಕೈಗೆ ರೂಢಿ ತಪ್ಪಿತ್ತು, ಅಷ್ಟೇ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾಣಿಕಬಾಯಿ ಬಾಯಿ ತೆರೆದಳು. ರುಪಾಲಿ ಅವಳನ್ನು ಕಂಡು "ಬರ್ರಿ ಕಾಕೂ, ಬರ್ರಿ" ಎಂದು ಕರೆದಳು, ಎಲ್ಲರೂ ತಿರುಗಿ ನೋಡಿದರು, ಬಾಯಿ ಮುಚ್ಚಿಹೋಯಿತು. ಎರಡನೆಯ ದಿನ ಹಾಗೆಯೇ. ಮೂರನೆಯ ದಿನ ಹೇಳಲೇಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಹೋದಳು, ಹಾಗೇ ಹೊತ್ತು ತಂದಳು.

ನಾಲ್ಕನೆಯ ದಿನ ಬಟ್ಟೆ ರುಪಾಲಿಯ ಕೈಯಲ್ಲಿತ್ತು. ಅವಳು ನಳ ತಿರುಗಿಸಿದ್ದೇ ತಡ, ಮಾಣಿಕಬಾಯಿ ನುಗ್ಗಿಹೋಗಿ ಅದನ್ನು ಕಿತ್ತುಕೊಂಡಳು.

"ಬಿಡ ಇದನ್ನ. ನಾಕ ದಿನದಿಂದ ಕೊಲ್ಲಾಕತ್ತೀರಿ ನೀವು."

ಮೂರು ದಿನ ಒಳಗೇ ಉಳಿದಿದ್ದ ಮಾತು ಕಲ್ಲಾಗಿ ಬಂದು ಬಿತ್ತು. ರುಪಾಲಿಯ ಮುಖ ಬಿಳಿಚಿಕೊಂಡಿತು. ಆಮೇಲೆ ಅವಳು ಅತ್ತಳು, ನಗುವಾಗ ಹೇಗೆ ನಗುತ್ತಾಳೋ ಹಾಗೆ, ಗಲ್ಲಿಗೆ ಕೇಳುವಂತೆ. ನಾಲ್ವರೂ ಅವಳನ್ನು ಸುತ್ತುವರಿದರು. ಒಬ್ಬಳು ಬೆನ್ನು ಸವರಿದಳು, ಒಬ್ಬಳು ನೀರು ತಂದಳು. "ಪರ್ವದಾಗ ನಮಗ ಕೊಲ್ಲಾಕತ್ತೀರಿ ಅಂತಾಳಲ್ಲ, ಎಷ್ಟ ಸೊಕ್ಕ ಇದ್ದೀತು," ಎಂದಳು ಮೂರನೆಯವಳು. ಮಾಣಿಕಬಾಯಿಯನ್ನು ಯಾರೂ ನೋಡಲಿಲ್ಲ. ಅವಳು ಬಟ್ಟೆಯನ್ನು ಕಟ್ಟೆಯ ಮೇಲಿಟ್ಟು ಮನೆಗೆ ಬಂದು, ಎರಡು ಸೀರೆ ಚೀಲಕ್ಕೆ ತುಂಬಿ, ಗಡಹಿಂಗ್ಲಜದ ಎಸ್‌ಟಿ ಬಸ್ಸು ಹತ್ತಿದಳು.

ಗಡಹಿಂಗ್ಲಜದಲ್ಲಿ ತಂಗಿಯ ಮನೆ. ತಂಗಿ, ಅವಳ ಗಂಡ ಮಹಾವೀರ, ಸೊಸೆಯಂದಿರು, ಮೊಮ್ಮಕ್ಕಳು, ತುಂಬಿದ ಸಂಸಾರ. ಎಲ್ಲರೂ ಒಳ್ಳೆಯವರೇ. ಬಂದದ್ದೇಕೆ ಎಂದು ಕೆದಕಲಿಲ್ಲ, ಹಾಸಿಗೆ ಹಾಸಿಕೊಟ್ಟರು. ಆದರೆ ಬೆಳಗ್ಗೆ ನಾಲ್ಕೂವರೆಗೆ ಎಚ್ಚರವಾದರೆ ಆ ಮನೆಯಲ್ಲಿ ಅವಳಿಗೆ ಮಾಡಲು ಏನೂ ಇರಲಿಲ್ಲ. ಹಾಸಿಗೆಯಲ್ಲಿ ಕೂತು ಬೆರಳುಗಳನ್ನು ಮಡಚಿ ಬಿಡಿಸುತ್ತಿದ್ದಳು. ಅಲ್ಲಿ ಈಗ ಯಾರು ಸೇದುತ್ತಿರಬಹುದು? ತನ್ನನ್ನು ಇನ್ನು ಬಾವಿಯ ಹತ್ತಿರ ಯಾರು ಬಿಟ್ಟುಕೊಂಡಾರು? ಅದೊಂದು ಹೋದರೆ ಆ ಊರಿನಲ್ಲಿ ತನ್ನದೆನ್ನುವುದು ಒಂದು ಮಷೀನು, ಒಂದು ತಟ್ಟೆ. ಇಷ್ಟು ಮಂದಿಯ ಮನೆಯಲ್ಲಿ ಕೂತು ಅವಳಿಗೆ ಹಿಂದೆಂದೂ ಆಗದಷ್ಟು ಒಂಟಿ ಅನ್ನಿಸಿತು.

ಮೊಬೈಲು ದಿನಕ್ಕೆ ಹತ್ತು ಸಲ ಬಡಿದುಕೊಳ್ಳುತ್ತಿತ್ತು. ಪ್ರತಿ ಸಲವೂ ರುಪಾಲಿ. ಮಾಣಿಕಬಾಯಿ ಅದನ್ನು ದಿಂಬಿನ ಕೆಳಗೆ ತುರುಕುತ್ತಿದ್ದಳು. ಅವಳು ಬಂದ ಐದನೆಯ ದಿನಕ್ಕೆ ಅದೂ ನಿಂತಿತು.

ಪರ್ವದ ಕಡೆಯ ದಿನ ತಂಗಿ ಹೇಳಿದಳು: "ಅಕ್ಕಾ, ಕ್ಷಮಾವಣಿಗೆ ಇಲ್ಲೇ ಇರು. ಇಲ್ಲಿ ಬಸದ್ಯಾಗನ ನಾಕ ಮಂದಿಗೆ ಕೈ ಮುಗಿ. ಎಲ್ಲಿ ಮುಗಿದ್ರೇನು?"

"ಇಲ್ಲಿ ಮಂದಿಗೆ ನಾ ಏನ ತಪ್ಪ ಮಾಡೇನಿ?" ಎಂದಳು ಮಾಣಿಕಬಾಯಿ.

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಕಿತ್ತುಕೊಂಡದ್ದು ದೊಡ್ಡ ತಪ್ಪಲ್ಲ. ಮೊದಲ ದಿನವೇ ಕಂಡಿದ್ದೂ ಮೂರು ದಿನ ಸುಮ್ಮನೆ ನಿಂತಿದ್ದಳಲ್ಲ, ಅದು. ಅವರು ಮರೆತು ಮಾಡಿದ್ದು, ಇವಳು ನೋಡುತ್ತ ಬಿಟ್ಟದ್ದು. ಆ ಜೀವಗಳ ಪಾಪ ಯಾರ ತಲೆಗೆ? ಅದನ್ನು ಗಡಹಿಂಗ್ಲಜದ ಬಸದಿಯಲ್ಲಿ ಯಾರ ಮುಂದೆ ಇಳಿಸುವುದು?

ಮರುದಿನ ಮೊದಲ ಬಸ್ಸಿಗೆ ಹೊರಟಳು. ಕಾಗಲದ ಕಾರ್ಖಾನೆಗಳು ದಾಟಿಹೋಗುವ ತನಕ ಕಿಟಕಿಗೆ ಮುಖ ಹಚ್ಚಿ ಏಳು ವಾಕ್ಯ ಜೋಡಿಸಿಕೊಂಡಳು. ಇಚಲಕರಂಜಿಯಲ್ಲಿ ಇಳಿದು, ಮನೆಗೆ ಹೋಗದೆ, ಚೀಲದೊಂದಿಗೆ ನೇರ ಬಸದಿಯ ಹಿತ್ತಲಿಗೆ ನಡೆದಳು. ಅಂದು ಸಮಾಜವೆಲ್ಲ ಕೂಡುವುದರಿಂದ ಅಭಿಷೇಕ ತಡವಾಗಿತ್ತು. ಬಾವಿಕಟ್ಟೆಯ ಮೇಲೆ ರುಪಾಲಿ ಒಬ್ಬಳೇ ಇದ್ದಳು. ಹಿತ್ತಾಳೆ ಬಕೀಟನ್ನು ಬಾವಿಗೆ ಇಳಿಬಿಟ್ಟು, ತಳದ ಕೊಂಡಿಗೆ ಕಟ್ಟಿದ ಎರಡನೆಯ ಹಗ್ಗ ತೊಡರಿ, ಬಕೀಟು ಬೋರಲಾಗದೆ, ಬೆವರುತ್ತಿದ್ದಳು.

ಮಾಣಿಕಬಾಯಿ ಚೀಲ ಕೆಳಗಿಟ್ಟು ಹಗ್ಗಕ್ಕೆ ಕೈ ಹಾಕಿದಳು. ಒಂದು ಸಡಿಲ, ಒಂದು ಜಗ್ಗು. ಕೆಳಗೆ ಬಕೀಟು ಮಗುಚಿ ನೀರು ನೀರಿಗೆ ಸೇರಿತು.

ರುಪಾಲಿ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. ಅವಳಿಗೆ ಅದೆಷ್ಟು ಕಷ್ಟವಾಯಿತೆಂದರೆ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಕೆಂಪಾಯಿತು. ಆದರೂ ಮಾತಾಡಲಿಲ್ಲ, ಕಾದಳು. ಮಾಣಿಕಬಾಯಿಯ ಏಳು ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. ಆದರೆ ಜೀವಮಾನದಲ್ಲಿ ಮೊದಲ ಸಲ ಯಾರೋ ಅವಳ ಮಾತಿಗೆ ಹೊತ್ತು ಕೊಟ್ಟಿದ್ದರು.

"ಮೊದಲನೇ ದಿನಾನ ನೋಡಿದ್ನಿ," ಎಂದಳು. "ಹೇಳಬೇಕಾಗಿತ್ತು. ಬಾಯಿ ಬರಲಿಲ್ಲ. ಅದು ನಂದು ತಪ್ಪು. ಕ್ಷಮಾ ಮಾಡು."

"ನಾ ಕೇಳಬೇಕಾಗಿತ್ರಿ ಕಾಕೂ," ಎಂದಳು ರುಪಾಲಿ, ಅವಳ ಮಟ್ಟಿಗೆ ಬಹಳ ಮೆತ್ತಗೆ. "ನಿಮ್ಮ ಮ್ಯಾಲ ಚಾಡಿ ಹೇಳಾಕಂತ ಉಪಾಧ್ಯೇರ ಕಡೆ ಹೋಗಿದ್ನಿ. ಅವರು ಈ ಬಕೀಟ ತೋರಿಸಿ, ಜೀವಾಣಿ ಅದ ಬಾವಿಗೆ ಯಾಕ ಬಿಡ್ತೀವಿ ಹೇಳ ಅಂದ್ರು. ಬ್ಯಾರೆ ನೀರಾಗ ಬದುಕೂದಿಲ್ಲ ಅಂದ್ನಿ. ಮತ್ತ ಮಾಣಿಕಕ್ಕಾರ್ನ ಎಲ್ಲಿ ಒಯ್ದು ಬಿಟ್ಟಿದ್ದಿ ನೀ, ಅಂದ್ರು. ನನಗ ಮಾತ ಹೊಂಡಲಿಲ್ಲ."

ರುಪಾಲಿಗೆ ಮಾತು ಹೊರಡದಿದ್ದುದನ್ನು ನೋಡಲು ತಾನಿರಲಿಲ್ಲವಲ್ಲ ಎಂದು ಮಾಣಿಕಬಾಯಿಗೆ ಒಳಗೊಳಗೇ ನಗು ಬಂತು.

"ನನಗ ಮಂದಿ ಇಲ್ಲಂದ್ರ ಜೀವಾ ಹೋದಂಗ ಆಗ್ತೈತಿ. ಎಲ್ಲಾರಿಗೂ ಹಂಗ ಅಂತ ತಿಳಕೊಂಡಿದ್ನಿ. ಆಮ್ಯಾಲ ಮನಿಮನಿಗೆ ಹೋಗಿ, ಒಬ್ಬೊಬ್ಬರನ್ನ ಬಾಜೂಕ ಕರದು, ನಿಮಗ ಯಾವ ಕೆಲಸಾ ಬೇಕು ಅಂತ ಕೇಳಿದ್ನಿ. ನಮ್ಮ ರಾಜಮತಿ ವೈನಿ, ಭಜನ್ಯಾಗ ಎಲ್ಲಾರ ಮುಂದ ಕುಂತು ಹಾಡ್ತಾರಲ್ರಿ, ಒಂಬತ್ತ ವರ್ಷದಿಂದ ಅವರಿಗೆ ಅದು ಸೇರೂದ ಇಲ್ಲಂತ. ಸುಮ್ನ ಕುಂತು ಪೂಜಿ ಅಕ್ಕಿ ಆರಸ್ತೇನಿ, ನನ್ನ ಬಿಡ್ರಿ ಅಂದ್ರು." ಅವಳು ಹಗ್ಗವನ್ನು ಮಾಣಿಕಬಾಯಿಯ ಕೈಗೆ ಕೊಟ್ಟಳು. "ಈ ಕೆಲಸಾ ನಿಮ್ಮದ. ಆ ಶಾಲು ನಮ್ಮ ಮನ್ಯಾಗ ಐತಿ. ಯಾರ ಮುಂದೂ ಹೊಚ್ಚಂಗಿಲ್ಲ."

ಮಾಣಿಕಬಾಯಿ ಹಗ್ಗವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಅಭಿಷೇಕ, ಪೂಜೆ ಮುಗಿದ ಮೇಲೆ ಪದ್ಮಕುಮಾರ ಎದ್ದು ನಿಂತು ಒಂದು ಮಾತು ಹೇಳಿದರು. ತಿರುಗಾಡಿ ಕ್ಷಮೆ ಕೇಳುವವರು ಪ್ರತಿವರ್ಷದಂತೆ ತಿರುಗಾಡಲಿ. ಅದು ಆಗದವರು ಗೋಡೆಗುಂಟ ಹಾಸಿದ ಜಮಖಾನೆಯ ಮೇಲೆ ಕೂರಲಿ. ಅವರ ಹತ್ತಿರ ಒಬ್ಬೊಬ್ಬರಾಗಿ ಹೋಗಬೇಕು, ಗುಂಪು ಕಟ್ಟಬಾರದು. ಮಾಣಿಕಬಾಯಿ ತಲೆತಗ್ಗಿಸಿ ಹೋಗಿ ಜಮಖಾನೆಯ ತುದಿಗೆ ಕೂತಳು, ಇಡೀ ಜಮಖಾನೆ ತನಗೊಬ್ಬಳಿಗೇ ಹಾಸಿದ್ದೆಂದು ನಾಚಿಕೆಯಿಂದ. ಪಕ್ಕದಲ್ಲಿ ಯಾರೋ ಕೂತರು. ಅವರಾಚೆ ಇನ್ನೊಬ್ಬರು. ತಲೆಯೆತ್ತಿ ನೋಡಿದರೆ ಗೋಡೆಗುಂಟ ಹನ್ನೊಂದು ಮಂದಿ. ರಾಜಮತಿ ವೈನಿ ಇದ್ದಳು. ಸದಾ ಬಾಗಿಲ ಬಳಿ ಚಪ್ಪಲಿ ನೋಡುತ್ತ ನಿಲ್ಲುವ ಮಾಸ್ತರರಿದ್ದರು. ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುವ ಗಂಡಸೊಬ್ಬ ಕಣ್ಣು ಮುಚ್ಚಿ ಕೂತಿದ್ದ. ಇಪ್ಪತ್ತೆರಡು ವರ್ಷ ಅವಳು ತಾನೊಬ್ಬಳೇ ಹೀಗೆ ಎಂದುಕೊಂಡು ಕಂಬದ ಹಿಂದೆ ಕೂತಿದ್ದಳು. ಆ ಬಸದಿಯಲ್ಲಿ ಕಂಬಗಳು ಇನ್ನೂ ಇದ್ದವು, ಅವುಗಳ ಹಿಂದೆ ಇವರಿದ್ದರು.

ಮಂದಿ ಒಬ್ಬೊಬ್ಬರಾಗಿ ಬಂದರು. ಅಂದು ಬಾವಿಕಟ್ಟೆಯಲ್ಲಿ ಸೊಕ್ಕು ಎಂದಿದ್ದವಳೂ ಬಂದು ಮುಂದೆ ಮೊಣಕಾಲೂರಿದಳು. ಅವಳ ಮೊಣಕಾಲು ಲಟಕ್ಕೆಂದಿತು. "ಬ್ಯಾನಿ ಹ್ಯಾಂಗ ಐತಿ?" ಎಂದು ಮಾಣಿಕಬಾಯಿ ಕೇಳಿಬಿಟ್ಟಳು.

ಮಧ್ಯಾಹ್ನವಾಯಿತು, ಸಂಜೆಯಾಗುತ್ತ ಬಂತು. ಎಲ್ಲರೂ ಊಟದ ಹೊತ್ತು ಮೀರುತ್ತದೆಂದು ಮನೆಗೆ ಹೋದರು. ಮಾಣಿಕಬಾಯಿ ಬಾವಿಕಟ್ಟೆ ತೊಳೆದು ಮುಂದೆ ಬಂದರೆ ರುಪಾಲಿ ಇನ್ನೂ ಇದ್ದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು. ಮಡಚಿದ ಜಮಖಾನೆಯನ್ನು ಬಿಡಿಸಿ ಮತ್ತೆ ಮಡಚಿದಳು.

"ಮನಿಗೆ ಹೋಗಂಗಿಲ್ಲೇನು?" ಎಂದು ಕೇಳಿದಳು ಮಾಣಿಕಬಾಯಿ.

"ಹೋಗ್ತೇನ್ರಿ. ಏನ ಅವಸರ? ಇವರು ನೂಲಿನ ಕೆಲಸಕ್ಕ ಸೂರತ್‌ಗೆ ಹೋಗ್ಯಾರ, ತಿಂಗಳದಾಗ ಇಪ್ಪತ್ತ ದಿನ ಅಲ್ಲೇ. ಮಗ ಪ್ರತೀಕ ಕೊಲ್ಹಾಪುರದ ಹಾಸ್ಟೆಲ್‌ನ್ಯಾಗ." ರುಪಾಲಿ ನಕ್ಕಳು, ಆ ನಗು ಗಲ್ಲಿಯ ತಿರುವಿನ ತನಕ ಹೋಗಲಿಲ್ಲ. "ಬರೂ ಮುಂದ ಟಿ.ವಿ. ಹಚ್ಚಿಟ್ಟ ಬರ್ತೇನ್ರಿ. ಬಾಗಿಲಾ ತಗದ ಕೂಡ್ಲೇ ಒಳಗ ಯಾರರ ಮಾತಾಡಿದ್ದ ಕೇಳಬೇಕು. ಇಲ್ಲಂದ್ರ ಕಾಲ ಇಡಾಕ ಆಗಂಗಿಲ್ಲ."

ಮಾಣಿಕಬಾಯಿಗೆ ಅನ್ನಬೇಕಾದದ್ದು ಎಂದಿನಂತೆ ನಾಳೆ ನಾಲ್ಕಕ್ಕೆ ಹೊಳೆಯುತ್ತಿತ್ತೋ ಏನೋ. ತನ್ನ ಚೀಲ ಎತ್ತಿಕೊಂಡು ರುಪಾಲಿಯ ಜೊತೆ ನಡೆದಳು. ತನ್ನ ಮನೆಯ ತಿರುವು ಬಂದಾಗಲೂ ತಿರುಗಲಿಲ್ಲ.

ಬಾಗಿಲು ತೆಗೆದರೆ ಖಾಲಿ ಪಡಸಾಲೆಯಲ್ಲಿ ಟಿ.ವಿ. ಮರಾಠಿಯಲ್ಲಿ ಜಗಳವಾಡುತ್ತಿತ್ತು. ರುಪಾಲಿ ಅದನ್ನು ಆರಿಸಿ ಎರಡು ತಟ್ಟೆ ಹಾಕಿದಳು. ಇಳಿಬಿಸಿಲು ಕಿಟಕಿಯಿಂದ ರೊಟ್ಟಿಯ ಮೇಲೆ ಬಿದ್ದಿತ್ತು. ರುಪಾಲಿ ಮಾತಾಡಿದಳು. ಕೊಲ್ಹಾಪುರದ ಹದಿನಾರು ಮಂದಿ, ಅಜ್ಜಿಯ ಬೈಗುಳ, ಒಂದೇ ಹಾಸಿಗೆಯಲ್ಲಿ ಐದು ಹುಡುಗಿಯರು, ಮದುವೆಯಾಗಿ ಬಂದ ಮೊದಲ ವರ್ಷ ಈ ಮನೆಯ ಗೋಡೆಗಳನ್ನು ನೋಡಿ ಅತ್ತದ್ದು. ಮಾಣಿಕಬಾಯಿ ಕೇಳಿದಳು. ಕೇಳುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು; ಯಾರೂ ಅದನ್ನು ಬೇಡಿರಲಿಲ್ಲ, ಅಷ್ಟೇ.

ತಟ್ಟೆ ತೊಳೆದಾಯಿತು. ಹೊತ್ತು ಮುಳುಗಿತು. ಮಾಣಿಕಬಾಯಿ ಚೀಲಕ್ಕೆ ಕೈ ಹಾಕಿದಳು. ಅದನ್ನು ಕಂಡು ರುಪಾಲಿ ಟಿ.ವಿ.ಯ ರಿಮೋಟಿಗೆ ಕೈ ಚಾಚಿದಳು.

"ಅದನ್ನ ಹಚ್ಚಬ್ಯಾಡ," ಎಂದಳು ಮಾಣಿಕಬಾಯಿ. "ಇನ್ನೊಂದ ಸ್ವಲ್ಪ ಕುಂದರ್ತೇನಿ."